ಮಾಯವ್ವನ ಬಾಯಿಂದ ಜಾರಿದ ಹೆಸರು

ಕೈಯಲ್ಲಿರುವ ಕೆಲಸವನ್ನು ಒಂದಿಷ್ಟು ಬದಿಗಿಟ್ಟು ಕೇಳಿರಿ, ತಾಯಂದಿರೇ, ಅಣ್ಣಂದಿರೇ. ಹೇಳಹೊರಟಿರುವುದು ರಾಜರಾಣಿಯರ ಕಥೆಯಲ್ಲ, ಪವಾಡಪುರುಷರ ಕಥೆಯೂ ಅಲ್ಲ. ಸವದತ್ತಿ ತಾಲೂಕಿನ ಹೂಲಿಯಲ್ಲಿ ರೊಟ್ಟಿ ಬಡಿದು ಬದುಕು ಮಾಡಿದ ಮಾಯವ್ವನೆಂಬ ಹೆಣ್ಣುಮಗಳು ಒಂದು ಬೇಸಿಗೆಯಲ್ಲಿ ಉಂಡ ಅಂಜಿಕೆಯ ಕಥೆ. ಅಂಜಿಕೆಯನ್ನೇ ಅರಿಯದ ಎದೆಯನ್ನು ಪರಮಾತ್ಮನು ಇನ್ನೂ ಮಾಡಿಲ್ಲ. ಆದ್ದರಿಂದ ಇದು ನಿಮ್ಮ ಮನೆಯ ಕಥೆಯೂ ಹೌದು.

ಮಾಯವ್ವನ ಗಂಡ ಗಂಗಪ್ಪ ಮಳೆಗಾಲದ ಜ್ವರದಲ್ಲಿ ತೀರಿಕೊಂಡಾಗ ಮಗ ಶಂಕ್ರೆಪ್ಪ ಇನ್ನೂ ಸೊಂಟದ ಮೇಲಿನ ಕೂಸು. ಅಂದಿನಿಂದ ಆಕೆ ಸಾಲಿಯ ಮಾಸ್ತರರಿಗೆ, ಹೂಲಿಯಲ್ಲಿ ತಂಗುವ ಬಸ್ಸಿನವರಿಗೆ ಜೋಳದ ರೊಟ್ಟಿ ಮಾಡಿಕೊಟ್ಟು ಹೊಟ್ಟೆ ಹೊರೆದಳು. ಅದು ಆಕೆಯ ಹೊಟ್ಟೆಪಾಡು. ಆದರೆ ಸುತ್ತಲಿನ ಊರುಗಳು ಆಕೆಯನ್ನು ಗುರುತಿಸುತ್ತಿದ್ದದ್ದು ಬೇರೊಂದು ಕೆಲಸದಿಂದ. ನಮ್ಮ ಸೀಮೆಯಲ್ಲಿ ಸಾವಾದ ಮನೆಯ ಹೆಂಗಸರು ಸುಮ್ಮನೆ ಅಳುವುದಿಲ್ಲ. ಸತ್ತವರ ಹೆಸರು ಹಿಡಿದು, ಅವರ ಗುಣ ಎಣಿಸಿ, ರಾಗ ಎತ್ತಿ ಹಾಡ್ಯಾಡಿ ಅಳುತ್ತಾರೆ. ಕೆಲವೊಮ್ಮೆ ದುಃಖ ಗಂಟಲಿಗೆ ಕಲ್ಲಿನಂತೆ ಸಿಕ್ಕಿಬೀಳುತ್ತದೆ. ಅಳು ಹೊರಗೆ ಬಾರದು. ಅಂಥ ಮನೆಗೆ ಮಾಯವ್ವನನ್ನು ಕರೆಯುತ್ತಿದ್ದರು. ಆಕೆ ಹೆಣದ ಮುಂದೆ ಕುಳಿತು ಮೊದಲ ನುಡಿ ಎತ್ತಿದಳೆಂದರೆ ಕಲ್ಲು ಕರಗುತ್ತಿತ್ತು.

ಈ ವಿದ್ಯೆಯನ್ನು ಆಕೆಗೆ ಕೊಟ್ಟವಳು ಅತ್ತೆ ಶೆಟ್ಟೆವ್ವ. ವಿದ್ಯೆಯ ಜೊತೆಗೆ ಒಂದು ಕಟ್ಟಳೆಯನ್ನೂ ಕೊಟ್ಟು ಸತ್ತಿದ್ದಳು. “ಹೆಣ ಇಲ್ಲದ ಮನ್ಯಾಗ ಈ ಹಾಡು ಬಾಯಿಗೆ ಬರಬಾರದು ನೋಡ ಮಗಳ. ಬಂತಂದ್ರ ಅದು ಸುಮ್ಮನ ಕುಂದರೂದಿಲ್ಲ, ಹೆಣ ಹುಡುಕ್ಕೋಂತ ಹೊಂಡತೈತಿ. ಸತ್ತವರ ಹೆಸರು ಹಾಡಿಗೆ, ಇದ್ದವರ ಹೆಸರು ದೀಪಕ್ಕ. ಇಷ್ಟು ನೆನಪಿಟಗೊ.” ಮಾಯವ್ವ ನೆನಪಿಟ್ಟಿದ್ದಳು. ದಿನಾ ಸಂಜೆ ದೀಪ ಹಚ್ಚುವಾಗ ಶಂಕ್ರೆಪ್ಪನ ಹೆಸರು ಹೇಳುತ್ತಿದ್ದಳು. ಒಲೆಯ ಮುಂದೆ ಅಪ್ಪಿತಪ್ಪಿ ರಾಗ ಗುನುಗಿದರೂ ತುಟಿ ಕಚ್ಚಿಕೊಳ್ಳುತ್ತಿದ್ದಳು.

ಆ ಮಗ ಈಗ ಮೀಸೆ ಚಿಗುರಿದ ತರುಣ. ಬೈಲಹೊಂಗಲದ ಮಲ್ಲಿಕಸಾಬನೆಂಬ ಡ್ರೈವರನ ಲಾರಿಯ ಮೇಲೆ ಕ್ಲೀನರ್ ಆಗಿದ್ದ. ಹತ್ತಿಯ ಸುಗ್ಗಿಯಲ್ಲಿ ಅಂಡಿಗೆ, ಎಂದರೆ ಅರಳೆಯ ದೊಡ್ಡ ಮೂಟೆ, ಹೇರಿಕೊಂಡು ಮುಂಬಯಿಯ ಗಿರಣಿಗಳಿಗೆ ಹೋಗುವ ಲಾರಿ ಅದು. ಪುಣೆಯ ದಾರಿಯಲ್ಲಿ ಘಟ್ಟವಿದೆ, ತಿರುವಿಗೊಂದು ಕಮರಿ ಇದೆ ಎಂದು ಮಗನೇ ಒಮ್ಮೆ ಜಂಬದಿಂದ ಹೇಳಿದ್ದ. ಅವನು ಜಂಬದಿಂದ ಹೇಳಿದ್ದು ತಾಯಿಯ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಸಾವಿರದ ಒಂಬೈನೂರ ಎಪ್ಪತ್ತೆರಡರ ಆ ಬೇಸಿಗೆಯಲ್ಲಿ ಮಾಯವ್ವನ ಮನೆಗೆ ಊಟಕ್ಕೆ ಒಬ್ಬ ಹೊಸಬ ಬರತೊಡಗಿದ. ಅಮೆರಿಕದಿಂದ ಬಂದು ಸವದತ್ತಿಯಲ್ಲಿ ಕೋಣೆ ಹಿಡಿದು, ಹಳ್ಳಿ ಹಳ್ಳಿ ತಿರುಗಿ ಕೋಳಿ ಸಾಕುವುದನ್ನು ಕಲಿಸುತ್ತಿದ್ದ ಯುವಕ. ಹೆಸರು ವಾರೆನ್. ಊರವರ ಬಾಯಲ್ಲಿ ವಾರೆಣ್ಣ. ಗೂಟದಂತೆ ಉದ್ದ, ಮೂಗಿನ ಮೇಲೆಲ್ಲ ಬಿಸಿಲಿನ ಕಲೆ. ಕನ್ನಡವನ್ನು ಕಲಿತಿದ್ದ, ಆದರೆ ಅದು ಅವನ ಬಾಯಲ್ಲಿ ಹೊಸ ಚಪ್ಪಲಿಯಂತೆ ಕಚ್ಚುತ್ತಿತ್ತು.

ಒಂದು ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ಹೆಗಲ ಮೇಲೆ ಒಂದು ವಾದ್ಯವಿತ್ತು. ಪಕ್ಕದ ಮನೆಯ ಕೃಷ್ಣವ್ವ ಶೇಂಗಾ ಸುಲಿಯುವ ನೆಪದಲ್ಲಿ ಕಟ್ಟೆಯ ಮೇಲೆ ಬಂದು ಕುಳಿತಿದ್ದಳು. ಅವಳ ಕಣ್ಣಿಗೆ ಬೀಳದ ವಸ್ತು ಹೂಲಿಯಲ್ಲಿರಲಿಲ್ಲ, ನಾಲಗೆಗೆ ಬೀಳದ ಮನುಷ್ಯನೂ ಇರಲಿಲ್ಲ.

“ಏ ಮಾಯವ್ವ, ಇಲ್ನೋಡ ಬೇ! ದಪ್ಪಿನ ಹೊಟ್ಟಿಗೆ ತಂಬೂರಿ ಕುತ್ತಿಗಿ ಹಚ್ಚ್ಯಾರ. ಪಾಪ, ಇವರ ಊರಾಗ ಬಡಿಗ್ಯಾಗ ಎರಡು ವಾದ್ಯ ಮಾಡಾಕ ಕಟಗಿ ಸಾಲಲಿಲ್ಲ ಕಾಣತೈತಿ.”

“ಇದು ಬ್ಯಾಂಜೊ, ಅಕ್ಕಾರ,” ಎಂದ ವಾರೆನ್ ನಗುತ್ತ. “ನಮ್ಮ ಗುಡ್ಡದ ವಾದ್ಯ.”

ಊಟವಾದ ಮೇಲೆ ಅವನು ಅದನ್ನು ಬಾರಿಸಿದ. ಬೆರಳುಗಳು ಹುರಿಯುವ ಜೋಳದ ಅರಳಿನಂತೆ ಸಿಡಿದವು. ತಂತಿಯ ದನಿ ಚರ್ಮಕ್ಕೆ ಬಡಿದು ಪುಟಿದು ಬರುತ್ತಿತ್ತು. ತನ್ನ ಸೀಮೆಯ ಹೆಸರು ಅಪಲಾಚಿಯಾ ಎಂದೂ, ಗುಡ್ಡಗಳೊಳಗೆ ಕಲ್ಲಿದ್ದಲ ಗಣಿಗಳಿವೆಯೆಂದೂ, ಜನ ಬಡವರೆಂದೂ, ಓದುಬರಹಕ್ಕಿಂತ ಹಾಡು ಹೆಚ್ಚೆಂದೂ ಹೇಳಿದ. ಮನೆಯ ಜಗಲಿಯಲ್ಲಿ ಅಜ್ಜ ಅಜ್ಜಿಯರು ಹಾಡುತ್ತಿದ್ದದ್ದು ಹಳೆಯ ಪದ್ಧತಿ. ಅದರ ಬೇರಿನಿಂದಲೇ ಚಿಗುರಿದ, ಐದಾರು ಜನ ಗುಂಪುಗಟ್ಟಿ ಒಬ್ಬರಾದ ಮೇಲೆ ಒಬ್ಬರು ಮುಂದೆ ಬಂದು ವೇಗವಾಗಿ ಬಾರಿಸುವ ಹೊಸ ಪದ್ಧತಿಗೆ ಬ್ಲೂಗ್ರಾಸ್ ಎಂದು ಹೆಸರು. ಚೀಲದಿಂದ ಒಂದು ಪುಟ್ಟ ಟೇಪ್ ರೆಕಾರ್ಡರ್ ತೆಗೆದು ಆ ಗುಂಪಿನ ಹಾಡೊಂದನ್ನು ಕೇಳಿಸಿದ. ಒಬ್ಬ ಎತ್ತಿದ ನುಡಿಯನ್ನು ಉಳಿದವರು ಮೇಲಿನ ದನಿಯಲ್ಲಿ ಹಿಡಿಯುವುದನ್ನು ಕೇಳಿ ಕೃಷ್ಣವ್ವ, “ನಮ್ಮ ಭಜನಿ ಮ್ಯಾಳದವರಿಗೆ ಮೆಣಸಿನಕಾಯಿ ತಿನಿಸಿ ಓಡಿಸಿದಂಗೈತಿ,” ಎಂದಳು.

ಮಾಯವ್ವ ಮಾತ್ರ ಮುಸುರೆ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತ ಕುಳಿತಿದ್ದಳು.

ಆಗ ವಾರೆನ್ ಇನ್ನೊಂದು ಕ್ಯಾಸೆಟ್ ಹಾಕಿದ. “ಇದು ನಮ್ಮ ಅಜ್ಜಿ, ಅವ್ವಾರ.”

ವಾದ್ಯವಿಲ್ಲ, ತಾಳವಿಲ್ಲ. ಮುದಿ ಹೆಂಗಸೊಬ್ಬಳ ಬರಿಯ ಕಂಠ. ಆ ಕಂಠ ಮೇಲಕ್ಕೆ ಹೋಗುತ್ತ ಹೋಗುತ್ತ, ಇನ್ನೇನು ಒಡೆದೀತು ಎನ್ನುವಲ್ಲಿ ಒಂದು ಎಳೆ ಹರಿದಂತೆ ತಟ್ಟನೆ ತಿರುಗಿ ಕೆಳಗಿಳಿಯಿತು. ಮಾಯವ್ವನ ತೋಳಿನ ರೋಮಗಳೆಲ್ಲ ನೆಟ್ಟಗಾದವು. ಆ ತಿರುವು ಆಕೆಗೆ ಗೊತ್ತು. ಹೆಣದ ಮುಂದೆ ಮೊದಲ ನುಡಿಯ ಕೊನೆಗೆ ಉಸಿರು ಮುರಿಯುವ ಜಾಗ ಅದು. ಮಾತೊಂದೂ ತಿಳಿಯದಿದ್ದರೂ ಸಂದೇಹ ಉಳಿಯಲಿಲ್ಲ.

“ಇದು ಸಾವಿನ ಹಾಡು,” ಎಂದಳು ಮೆಲ್ಲಗೆ.

ವಾರೆನ್ ಬೆರಗಾಗಿ ನೋಡಿದ. “ಹೌದ್ರಿ! ನಿಮಗ ಹ್ಯಾಂಗ ಗೊತ್ತಾತು?”

“ಆಕಿಗೆ ಗೊತ್ತಾಗದಿದ್ರ ಯಾರಿಗೆ ಗೊತ್ತಾಗಬೇಕೋ ವಾರೆಣ್ಣ,” ಎಂದಳು ಕೃಷ್ಣವ್ವ. “ಇಡೀ ತಾಲೂಕಿನ ಹೆಣ ಅತ್ತಾಳ ಆಕಿ.” ಹೀಗೆ ಕೃಷ್ಣವ್ವನ ನಾಲಗೆಯಿಂದ ಗುಟ್ಟು ಹೊರಬಿತ್ತು.

ಅಂದಿನಿಂದ ವಾರೆನ್ ಬಂದಾಗಲೆಲ್ಲ ಅದೊಂದೇ ಕೇಳುವನು: ನಿಮ್ಮ ಹಾಡು ಹಾಡಿರಿ, ಟೇಪಿನಲ್ಲಿ ಹಿಡಿದುಕೊಂಡು ಅಜ್ಜಿಗೆ ಕೇಳಿಸುತ್ತೇನೆ. ಮಾಯವ್ವ ತಲೆ ಅಲ್ಲಾಡಿಸುವಳು. ಆದರೆ ಸತ್ಯವನ್ನು ಹೇಳಬೇಕು, ಬಂಧುಗಳೇ: ಆಕೆಯ ಮನಸ್ಸೂ ಎಳೆಯುತ್ತಿತ್ತು. ಏಳು ಸಮುದ್ರದಾಚೆ ತನ್ನಂಥವಳೇ ಒಬ್ಬಳಿದ್ದಾಳೆ. ಅವಳು ಒಂದು ಮಾತು ಆಡಿದ್ದಾಳೆ. ಮರುಮಾತು ಆಡದೆ ಇರುವುದು ಹೇಗೆ? ಹೀಗೆ ತುಯ್ದಾಡಿದ ಮನಸ್ಸು ಕೊನೆಗೆ ಕಟ್ಟಳೆಯಲ್ಲೊಂದು ಕಿಂಡಿಯನ್ನು ಹುಡುಕಿತು. ಹೆಣವಿಲ್ಲದ ‘ಮನೆಯಲ್ಲಿ’ ಹಾಡಬಾರದು ಎಂದಿದ್ದಳು ಅತ್ತೆ. ಊರ ಹೊರಗಿನ ಹಾಳು ಗುಡಿ ಯಾರ ಮನೆಯೂ ಅಲ್ಲ. ಅಲ್ಲಿ ದೀಪವಿಲ್ಲ, ಒಲೆಯಿಲ್ಲ. ಸತ್ತು ಬಹಳ ಕಾಲವಾದ ಗಂಡನ ಹೆಸರು ಹಿಡಿದು ಹಾಡಿದರೆ ಯಾರಿಗೇನು ಕೇಡು?

ಕೃಷ್ಣವ್ವನನ್ನು ಜೊತೆಗೆ ಕರೆದುಕೊಂಡು ಒಂದು ಬೆಳಿಗ್ಗೆ ಆಕೆ ಆ ಹಾಳು ಗುಡಿಗೆ ಹೋದಳು. ವಾರೆನ್ ಕಂಬದ ಬುಡದಲ್ಲಿ ಯಂತ್ರವನ್ನಿಟ್ಟು ಗುಂಡಿ ಒತ್ತಿದ. ಮಾಯವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

ಮೊದಲ ನುಡಿ ಗಂಗಪ್ಪನ ಹೆಸರಿನಲ್ಲೇ ಎದ್ದಿತು. ಅವನ ಎತ್ತುಗಳನ್ನು ಹಾಡಿದಳು, ಅವನ ರುಮಾಲನ್ನು ಹಾಡಿದಳು. ಕಲ್ಲಿನ ಗೋಡೆಗಳು ದನಿಯನ್ನು ಹಿಡಿದು ಮರಳಿ ಕೊಟ್ಟವು. ಅಳುವ ಹಾಡಿಗೆ ಅದರದೇ ದಾರಿ ಇರುತ್ತದೆ. ಗುಣ ಮುಗಿದ ಮೇಲೆ ಅದು ಸತ್ತವನು ಹೋಗುವ ಹಾದಿಯನ್ನು ಹಾಡುತ್ತದೆ. ಮಾಯವ್ವನೂ ಹಾದಿಯ ನುಡಿಗೆ ಬಂದಳು. ಹಾದಿ ಎಂದೊಡನೆ ಎದೆಯೊಳಗಿನ ಮುಳ್ಳು ಅಲುಗಿತು. ಎರಡು ದಿನದ ಹಿಂದೆ ಲಾರಿ ಹತ್ತಿ ಹೋದವನ ಹಾದಿ ಕಣ್ಣಿಗೆ ಕಟ್ಟಿತು. ಹಾಡು ನಿಲ್ಲಲಿಲ್ಲ.

“ತಿರುವಿನ ಹಾದ್ಯಾಗ ಇಳುವಿನ ಘಟ್ಟದಾಗ
ತಿರುಗಿ ನೋಡದ ಹೋದಿ ಶಂಕ್ರೆಪ್ಪಾ ನನ ಕಂದಾ
ಬುತ್ತಿಯ ಗಂಟು ಬಿಚ್ಚಲಿಲ್ಲೊ...”

ಕಿವಿಗೆ ಬಿದ್ದ ಮೇಲೆ ಆಕೆಗೆ ತಿಳಿಯಿತು, ತನ್ನ ಬಾಯಿ ಏನು ಹಾಡಿತೆಂದು. ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಗೋಡೆಗಳು ಆ ಹೆಸರನ್ನು ಮತ್ತೊಮ್ಮೆ ಹೇಳಿದವು. ಕೃಷ್ಣವ್ವನ ಮುಖ ಬಿಳುಚಿತು. ಯಂತ್ರದೊಳಗೆ ಕ್ಯಾಸೆಟ್ಟಿನ ಚಕ್ರಗಳು ಮಾತ್ರ ತಮ್ಮ ಪಾಡಿಗೆ ತಿರುಗುತ್ತಲೇ ಇದ್ದವು.

ಏನೂ ಅರಿಯದ ವಾರೆನ್ ಹಾಡು ಮುಗಿಯಿತೆಂದು ತಿಳಿದು ಗುಂಡಿ ಒತ್ತಿದ. ಅವನ ಕಣ್ಣುಗಳು ತೇವವಾಗಿದ್ದವು. “ಭಾಳ ದೊಡ್ಡ ಹಾಡು, ಅವ್ವಾರ,” ಎಂದು ಕೈ ಮುಗಿದ. ಕಿತ್ತೂರಿನಲ್ಲಿ ಕೋಳಿ ಸಾಕುವವರ ಶಿಬಿರವಿದೆ, ಅಲ್ಲಿಗೆ ಹೋಗಬೇಕು ಎನ್ನುತ್ತ ಬಸ್ಸಿನ ಹಾರ್ನು ಕೇಳಿ ಓಡಿದ. ಅಳಿಸಿಬಿಡು ಎಂದು ಕೂಗಲು ಮಾಯವ್ವ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಏಕೆ ಅಳಿಸಬೇಕೆಂದು ಹೇಳಬೇಕಾದರೆ ಆ ಹೆಸರನ್ನು ಮತ್ತೊಮ್ಮೆ ಎತ್ತಬೇಕಲ್ಲ!

“ಬಾಯಿ ಜಾರಿದ್ರ ಗುಡ್ಡ ಜಾರತೈತೇನ? ನಡಿ ಮನಿಗೆ,” ಎಂದಳು ಕೃಷ್ಣವ್ವ. ಆದರೆ ದಾರಿಯುದ್ದಕ್ಕೂ ಅವಳು ಮಾಯವ್ವನ ಕೈ ಬಿಡಲಿಲ್ಲ. ಎಂದೂ ಸುಮ್ಮನಿರದವಳು ಮತ್ತೊಂದು ಮಾತನ್ನೂ ಆಡಲಿಲ್ಲ. ಅದರಿಂದಲೇ ಮಾಯವ್ವನ ಅಂಜಿಕೆ ಹೆಚ್ಚಿತು.

ಆ ಸಂಜೆ ದೀಪ ಹಚ್ಚಿ ಮಗನ ಹೆಸರು ಹೇಳಹೋದರೆ ಅದು ಹಾಡಿನ ರಾಗದಲ್ಲೇ ಬಾಯಿಗೆ ಬಂತು. ಬಾಯಿ ಬಿಗಿಹಿಡಿದಳು. ದೀಪದ ಮುಂದೆ ಮಗನ ಹೆಸರು ಹೇಳದೆ ಎದ್ದ ಮೊದಲ ಸಂಜೆ ಅದು. ಬಾಯಿಂದ ಬಂದ ಮಾತು ಗಾಳಿಗೆ ಹೋಗುತ್ತದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಇದು ಗಾಳಿಗೆ ಹೋಗಿಲ್ಲ, ಯಂತ್ರದ ಹೊಟ್ಟೆಯಲ್ಲಿದೆ. ವಾರೆಣ್ಣ ಅದನ್ನು ಯಾರ ಯಾರಿಗೆ ಕೇಳಿಸುತ್ತಾನೋ! ಕೇಳಿಸಿದಷ್ಟು ಸಲವೂ ತಾನೇ ತನ್ನ ಮಗನ ಹೆಣದ ಮುಂದೆ ಕುಳಿತಂತೆ. ರೊಟ್ಟಿ ಹಂಚಿನ ಮೇಲೆ ಕರಿಯಾಗುವುದು, ಆಕೆ ನೋಡುತ್ತಲೇ ಕೂಡುವಳು.

ಲಾರಿ ಮರಳಬೇಕಾದ ದಿನ ಕಳೆಯಿತು. ಅದರ ಮರುದಿನವೂ ಕಳೆಯಿತು. ಆಮೇಲೆ ಸವದತ್ತಿಯಿಂದ ಬಂದ ಬಸ್ಸಿನ ಕಂಡಕ್ಟರ್ ರೊಟ್ಟಿ ತಿನ್ನುತ್ತ, ಆಕೆ ಯಾರ ತಾಯಿಯೆಂದು ಅರಿಯದೆ, ಅಂದ: “ಬೈಲಹೊಂಗಲದ ಹತ್ತಿ ಲಾರಿ ಒಂದು ಪುಣೆ ಘಟ್ಟದಾಗ ಬಿತ್ತಂತ್ರೀ. ಒಳಗಿದ್ದವರು ಉಳದಾರೋ ಇಲ್ಲೋ ಯಾರಿಗೂ ಗೊತ್ತಿಲ್ಲ.”

ಮಾಯವ್ವ ಹಿಟ್ಟಿನ ಕೈಯನ್ನು ತೊಳೆಯದೆ ಅದೇ ಬಸ್ಸು ಹತ್ತಿದಳು.

ಬೈಲಹೊಂಗಲದಲ್ಲಿ ಮಲ್ಲಿಕಸಾಬನ ಮನೆಯ ಬಾಗಿಲಲ್ಲಿ ಅವನ ಹೆಂಡತಿ ಜೈಬುನ್ನಿಸಾ ದಾರಿ ನೋಡುತ್ತ ನಿಂತಿದ್ದಳು. ಅವಳಿಗೂ ಸುದ್ದಿ ಮುಟ್ಟಿತ್ತು. ಯಾವ ಲಾರಿ ಎಂಬುದು ಮಾತ್ರ ಪೇಟೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಮಾಯವ್ವನನ್ನು ಕಂಡೊಡನೆ ಒಳಗೆ ಕರೆದು ಚಹಾ ಕೊಟ್ಟಳು. “ಕುಡಿ ಮಾಯಕ್ಕಾ. ನಮ್ಮ ಲಾರಿ ಇರಾಕಿಲ್ಲ. ನಿನ್ನ ಮಗಾ ಅಂದ್ರ ನಮ್ಮ ಮನ್ಯಾವ್ರಿಗೆ ಜೀವ. ಹೊರಡೂಮುಂದ ಅವನ ಡಬ್ಬಿಗೂ ನಾನೇ ಪಲ್ಯಾ ಹಾಕೀನಿ.”

ಮಾಯವ್ವ ಬಟ್ಟಲನ್ನು ಕೆಳಗಿಟ್ಟಳು. ತನ್ನ ಹಾಡು ಒಬ್ಬನ ಹೆಸರು ಹಿಡಿದಿತ್ತು. ಲಾರಿಯಲ್ಲಿ ಇದ್ದವರು ಇಬ್ಬರು. ತನ್ನ ಮಗನನ್ನು ಹುಡುಕಿಕೊಂಡು ಹೋದ ಸಾವು ಪಕ್ಕದಲ್ಲಿ ಕುಳಿತವನನ್ನು ಬಿಟ್ಟೀತೆ? ಈ ಹೆಣ್ಣುಮಗಳ ಕೈಯ ಚಹಾ ಕುಡಿಯುತ್ತ ಅದನ್ನು ಮುಚ್ಚಿಡುವುದು ಆಕೆಯಿಂದಾಗಲಿಲ್ಲ. ಎಲ್ಲವನ್ನೂ ಹೇಳಿದಳು.

ಜೈಬುನ್ನಿಸಾ ಗೋಡೆ ಹಿಡಿದು ಕುಳಿತಳು. “ಯಾ ಅಲ್ಲಾ! ಏನ ಮಾಡಿದಿ ಬೇ ಮಾಯಕ್ಕಾ! ಆ ಬಿಳಿಮೂತಿಯವನ ಮುಂದ ಹಾಡಾಕ ನಿನಗ ಬ್ಯಾರೆ ಹಾಡು ಸಿಗಲಿಲ್ಲೇನ? ಒಂದು ಸೋಬಾನ ಹಾಡಿದ್ರ ಅವಗೇನ ತಿಳೀತಿತ್ತು?” ಬಳಿಕ ಜೈಬುನ್ನಿಸಾ ಎದ್ದು ಬುರ್ಖಾ ಹಾಕಿಕೊಂಡಳು. “ಏಳು. ಕಿತ್ತೂರು ದೂರಿಲ್ಲ. ಅದನ್ನ ಇಸಗೊಂಡು ಬರೂಣು.”

ಕಿತ್ತೂರಿನಲ್ಲಿ ಶಿಬಿರ ನಡೆದಿದ್ದ ತಗಡಿನ ಶೆಡ್ಡನ್ನು ಹುಡುಕುವುದು ಕಷ್ಟವಾಗಲಿಲ್ಲ. ಕೋಳಿಗಳ ಗದ್ದಲವೇ ದಾರಿ ತೋರಿಸಿತು. ವಾರೆನ್ ಇಬ್ಬರು ಹೆಂಗಸರನ್ನು ಕಂಡು ಸಂತೋಷದಿಂದ ಬಂದ. ಅವರ ಮುಖ ನೋಡಿ ನಿಂತ. ಮಾಯವ್ವ ಹೇಳಿದ್ದು ಅರ್ಧ, ಜೈಬುನ್ನಿಸಾ ಬೈದದ್ದು ಅರ್ಧ; ಎರಡೂ ಸೇರಿ ಅವನಿಗೆ ಅರ್ಥವಾಯಿತು. ಅವನು ನಗಲಿಲ್ಲ, ಮೂಢನಂಬಿಕೆ ಎನ್ನಲಿಲ್ಲ. ಅಷ್ಟು ಪುಣ್ಯ ಅವನಲ್ಲಿತ್ತು. ಚೀಲದಿಂದ ಕ್ಯಾಸೆಟ್ ತೆಗೆದು ಮಾಯವ್ವನ ಅಂಗೈಯಲ್ಲಿಟ್ಟ. “ಇದು ನಿಮ್ಮದು, ಅವ್ವಾರ. ನಾ ಯಾರಿಗೂ ಕೇಳಿಸಿಲ್ಲ.”

ಕ್ಯಾಸೆಟ್ ಕೈಗೆ ಬಂದರೂ ಮಾಯವ್ವ ಕದಲಲಿಲ್ಲ. ಅಂಜಿದವರಿಗೆ ಒಮ್ಮೊಮ್ಮೆ ಅಂಜಿಕೆಯ ಬುಡವನ್ನೇ ನೋಡಬೇಕೆನ್ನಿಸುತ್ತದೆ. “ನಿಮ್ಮ ಅಜ್ಜಿ ಹಾಡ್ಯಾಳಲ್ಲ ತಮ್ಮಾ, ಅದು ಯಾರ ಹೆಣದ ಮುಂದ?”

“ಹೆಣ? ಹೆಣ ಇರಲಿಲ್ರೀ. ಗಂಡ ಸತ್ತಾಗ ಅಳೂ ಹಾಡು ಅದು, ಆದ್ರ ಅಜ್ಜ ಮಗ್ಗಲದಾಗ ಕುಂತಿದ್ದ. ಇಬ್ಬರೂ ಅವರಿಕಾಯಿ ಬಿಡಿಸಾಕ ಹತ್ತಿದ್ರು.” ಅವನು ಅಜ್ಜಿಯ ಕ್ಯಾಸೆಟ್ ಹಾಕಿ ದನಿ ಏರಿಸಿದ. “ಕೇಳ್ರಿ. ಕೆಳಗ.”

ಅಜ್ಜಿಯ ಕಂಠದ ಕೆಳಗೆ, ನೆಲದೊಳಗಿನ ನೀರಿನಂತೆ, ಗಂಡಸಿನ ದನಿಯೊಂದು ಮೆಲ್ಲಗೆ ಅದೇ ರಾಗದಲ್ಲಿ ಹರಿಯುತ್ತಿತ್ತು. ಯಾರ ಸಾವಿನ ಹಾಡೋ ಅವನೇ ಜೊತೆಗೆ ಹಾಡುತ್ತಿದ್ದ!

“ಜೀವಂತ ಗಂಡನ ಮುಂದ ಸಾವಿನ ಹಾಡೇ?” ಜೈಬುನ್ನಿಸಾ ಕಿವಿ ಮುಚ್ಚಿಕೊಂಡಳು. “ಅಂಜಿಕಿ ಇರಲಿಲ್ಲೇನ ಆಕಿಗೆ?”

“ಇತ್ತು,” ಎಂದ ವಾರೆನ್. ಕನ್ನಡದ ಒಂದೊಂದೇ ಮಾತನ್ನು ಹುಡುಕಿ ಹುಡುಕಿ ಜೋಡಿಸಿದ. “ಅಂಜಿಕಿ ಇತ್ತು, ಅದಕ್ಕ ಹಾಡತಿದ್ರು. ಮುಂಜಾನೆ ಎಲ್ಲಾ ಗಂಡಸರು ಗಣಿಯೊಳಗ ಇಳೀತಾರ. ಸಂಜಿಗೆ ಯಾರು ಮ್ಯಾಲ ಬರತಾರ, ಯಾರು ಬರೂದಿಲ್ಲ, ಗೊತ್ತಿಲ್ಲ. ಅದಕ್ಕ ಮನ್ಯಾಗ ಎಲ್ಲಾರೂ ಕೂಡಿ ಹಾಡತಾರ. ಸಣ್ಣ ಹುಡುಗ್ರೂ ಹಾಡತಾರ. ಮುಂದ ಯಾರದರ ಮನ್ಯಾಗ ಸಾವಾತಂದ್ರ ಆ ಹಾಡು ಭಾಳ ಮಂದಿಗೆ ಬರತೈತಿ. ಯಾರೂ ಒಬ್ಬರೇ ಅಳೂದಿಲ್ಲ.”

“ನಿಮ್ಮ ಅಜ್ಜ ಈಗ?”

ವಾರೆನ್ ತಲೆ ತಗ್ಗಿಸಿದ. “ಆಮ್ಯಾಲ ಗಣಿಯೊಳಗ ಸತ್ತ.”

“ನೋಡಿದ್ಯಾ!” ಎಂದಳು ಮಾಯವ್ವ. “ಹಾಡು ಹುಡುಕ್ಕೋಂತ ಹೋತು. ಹೋಗೇ ಹೋತು!”

“ಅವ್ವಾರ,” ಎಂದ ಅವನು ಬಹಳ ಮೆಲ್ಲಗೆ, “ಹಾಡು ಬಾರದವರ ಗಂಡಂದಿರೂ ಅವತ್ತ ಸತ್ರು.”

ಈ ಮಾತನ್ನು ಮಾಯವ್ವ ಕೇಳಿದಳು. ಆದರೆ ಅದು ಆಗ ಒಳಗೆ ಇಳಿಯಲಿಲ್ಲ. ಬೈಲಹೊಂಗಲಕ್ಕೆ ಮರಳಿದವಳೇ ಜೈಬುನ್ನಿಸಾಳ ಒಲೆಯಲ್ಲಿ ಕ್ಯಾಸೆಟ್ಟನ್ನು ಹಾಕಿದಳು. ಅದು ಕಪ್ಪಾಗಿ ಮುದುಡಿ, ಕೆಟ್ಟ ವಾಸನೆ ಎಬ್ಬಿಸಿ ಕರಗಿತು. ಟೇಪು ಸುಟ್ಟಿತು, ಅಂಜಿಕೆ ಸುಡಲಿಲ್ಲ. ಆಡಿದ ಬಾಯಿ ಹಾಗೆಯೇ ಇತ್ತಲ್ಲ! ಆಗ ಆಕೆ ಮೂಡಣಕ್ಕೆ ಮುಖ ಮಾಡಿ ನೆಲಕ್ಕೆ ಹಣೆ ಹಚ್ಚಿದಳು. “ನನ್ನಪ್ಪಾ, ಮಗನ್ನ ಒಮ್ಮೆ ಕಣ್ಣಿಗೆ ತೋರಸು. ಈ ಹಾಡಿಗೆ ಇನ್ನ ನಾ ಬಾಯಿ ತಗ್ಯಾಂಗಿಲ್ಲ. ಯಾರ ಸಾಯಲಿ, ಯಾರ ಕರೀಲಿ, ತಗ್ಯಾಂಗಿಲ್ಲ.”

ಮರುದಿನ ಮಧ್ಯಾಹ್ನದ ಬಿಸಿಲಿನಲ್ಲಿ ಲಾರಿ ಬಂತು. ಬಹಳ ಸಾವಕಾಶ ಬಂತು. ಜೈಬುನ್ನಿಸಾ ಮುಂಗಾಜಿನ ಹಿಂದೆ ಗಂಡನ ಮುಖ ಕಂಡು ಬೀದಿಗೆ ಓಡಿದಳು. ಮಾಯವ್ವ ಮಗನನ್ನು ಹುಡುಕಿದಳು. ಕ್ಲೀನರ್ ಕೂಡುವ ಜಾಗ ಬರಿದಾಗಿತ್ತು.

ಆ ಗಳಿಗೆ ಆಕೆಗೆ ಹೇಗಿದ್ದೀತು, ತಾಯಂದಿರೇ, ಅದನ್ನು ಹೇಳುವ ಮಾತು ಇಲ್ಲ.

ಅಷ್ಟರಲ್ಲಿ ಲಾರಿಯ ಹಿಂದಿನಿಂದ ಶಂಕ್ರೆಪ್ಪ ಇಳಿದ. ಅಂಗಿಯ ಮೇಲೆ ಒಣಗಿದ ರಕ್ತ. ಅದು ಅವನದಲ್ಲ. ಮಾಯವ್ವ ಓಡಿ ಅವನ ತಲೆ, ಭುಜ, ಬೆನ್ನು ಎಲ್ಲವನ್ನೂ ತಡವಿದಳು. ಆಮೇಲೆ ಲಾರಿಯೊಳಗೆ ನೋಡಿದಳು. ತಾಡಪಾಲಿನಲ್ಲಿ ಸುತ್ತಿದ ಒಂದು ದೇಹ ಅಲ್ಲಿತ್ತು. ಮಗ ಅದರ ಪಕ್ಕದಲ್ಲೇ ಕುಳಿತು ಬಂದಿದ್ದ.

ಬಿದ್ದದ್ದು ಬೇರೆಯ ಲಾರಿ. ಅದರ ಹಿಂದೆಯೇ ಬರುತ್ತಿದ್ದ ಮಲ್ಲಿಕಸಾಬ ಮತ್ತು ಶಂಕ್ರೆಪ್ಪ ಕಮರಿಗಿಳಿದು ಇಬ್ಬರನ್ನು ಮೇಲೆತ್ತಿದ್ದರು. ಡ್ರೈವರ್ ಬದುಕಿದ್ದ. ಕ್ಲೀನರ್ ಬಾಳು ಎಂಬ ಹುಡುಗ ಬದುಕಲಿಲ್ಲ. ಪೊಲೀಸರ ಪಂಚನಾಮೆ ಮುಗಿಸಿ, ಹೆಣವನ್ನು ಅವನ ಊರಾದ ಸಂಪಗಾಂವಕ್ಕೆ ಮುಟ್ಟಿಸಲೆಂದು ಹೇರಿಕೊಂಡು ಹೊರಡುವಷ್ಟರಲ್ಲಿ ತಡವಾಗಿತ್ತು.

ಮಲ್ಲಿಕಸಾಬ ಮಾಯವ್ವನನ್ನು ಕಂಡು ಕೈ ಮುಗಿದ. “ಯಕ್ಕಾ, ನೀ ಇಲ್ಲೇ ಇದ್ದಿದ್ದು ದೇವರು ಕಳಿಸಿದಂಗಾತು. ಬಾಳೂನ ತಾಯಿ ಕೆಂಪವ್ವ ಒಬ್ಬಾಕೇ ಅದಾಳ. ಹಿಂದಿಲ್ಲ, ಮುಂದಿಲ್ಲ. ನಮ್ಮ ಜೋಡಿ ಬಾ. ನೀ ಮೊದಲ ನುಡಿ ಎತ್ತದಿದ್ರ ಆಕಿ ಎದಿ ಒಡದ ಸಾಯತಾಳ.”

ಮಾಯವ್ವ ಮಗನತ್ತ ನೋಡಿದಳು. ನಿನ್ನೆ ಆಡಿದ ಹರಕೆ. ಇಂದು ಮರಳಿ ಬಂದ ಮಗ. ಕೊಟ್ಟವನು ಕೊಟ್ಟ ಕೈಯಿಂದಲೇ ಕಸಿದುಕೊಂಡರೆ? ಬರುವುದಿಲ್ಲ ಎಂಬ ಮಾತು ತುಟಿಯವರೆಗೆ ಬಂದಿತ್ತು. ತಾಡಪಾಲಿನ ಅಂಚಿನಿಂದ ಹೊರಬಿದ್ದಿದ್ದ ಒಂದು ಪಾದ ಆಕೆಯ ಕಣ್ಣಿಗೆ ಬಿತ್ತು. ಹಿಮ್ಮಡಿಯಲ್ಲಿ ಶಂಕ್ರೆಪ್ಪನದರಂತೆಯೇ ಬಿರುಕು, ಅದರಲ್ಲಿ ಗ್ರೀಸಿನ ಕಪ್ಪು. ಆಕೆ ಲಾರಿ ಹತ್ತಿದಳು. ಜೈಬುನ್ನಿಸಾಳೂ ಹತ್ತಿದಳು.

ಸಂಪಗಾಂವದಲ್ಲಿ ಕೆಂಪವ್ವ ಮಗನ ಮುಂದೆ ಕಣ್ಣು ಪಿಳುಕಿಸದೆ ಕುಳಿತುಬಿಟ್ಟಳು. ಕಣ್ಣೀರಿಲ್ಲ, ಮಾತಿಲ್ಲ; ಬೆರಳುಗಳು ಮಾತ್ರ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದವು. ಸುತ್ತ ನೆರೆದ ಹೆಂಗಸರು ಮಾಯವ್ವನ ಬಾಯನ್ನೇ ನೋಡುತ್ತಿದ್ದರು. ಮಾಯವ್ವನ ಬಾಯಿ ತೆರೆಯಲಿಲ್ಲ. ಆಗ, ಕಿತ್ತೂರಿನಲ್ಲಿ ಹೊರಗೇ ನಿಂತಿದ್ದ ಆ ಮಾತು ಒಳಗೆ ಇಳಿಯಿತು. ಹಾಡು ಬಾರದವರ ಮನೆಗೂ ಸಾವು ಬಂದಿದೆ. ಈ ಕೆಂಪವ್ವ ಯಾವ ಹಾಡನ್ನು ಹಾಡಿದ್ದಳು? ಯಾವ ಯಂತ್ರದ ಮುಂದೆ ಕುಳಿತಿದ್ದಳು?

“ಶಂಕ್ರಾ,” ಎಂದು ಮಾಯವ್ವ ಕರೆದಳು. “ಇಲ್ಲಿ ಬಾ. ನನ್ನ ಮಗ್ಗಲದಾಗ ಕುಂದ್ರು.”

“ಹೆಂಗಸರ ನಡುವ ನಾ ಯಾಕ ಬೇ?”

“ಕುಂದ್ರಂದೆ, ಕುಂದ್ರು.”

ಅಳುವ ಹೆಂಗಸರ ನಡುವೆ ಗಂಡುಹುಡುಗ ಕೂಡುವುದು ಕಂಡು ಕೇಳರಿಯದ ಸಂಗತಿ. ಹಿರಿಯಳೊಬ್ಬಳು ಗೊಣಗಿದಳು. ಮಾಯವ್ವ ಎಡಗೈಯಲ್ಲಿ ಮಗನ ಮಣಿಕಟ್ಟನ್ನು ಹಿಡಿದಳು. ಅಲ್ಲಿ ನಾಡಿ ಬಡಿಯುತ್ತಿತ್ತು. ಬಲಗೈಯಲ್ಲಿ ಕೆಂಪವ್ವನ ತಣ್ಣನೆಯ ಅಂಗೈ ಹಿಡಿದಳು. ಕಣ್ಣು ಮುಚ್ಚಿದಳು. ಬದುಕಿದವನನ್ನು ಪಕ್ಕದಲ್ಲಿಟ್ಟುಕೊಂಡು ಸತ್ತವನ ಹೆಸರನ್ನು ಎತ್ತಿದಳು.

“ಬಾಳೂ ನನ ಕಂದಾ, ಬಾಗಿಲ ತೆರೆದೈತೊ...”

ಒಂದೊಂದು ನುಡಿಗೂ ಮಗನ ನಾಡಿ ನಿಂತೀತೇನೋ ಎಂದು ಬೆರಳು ಬಿಗಿಯುತ್ತಿತ್ತು, ನಿಲ್ಲಲಿಲ್ಲ. ಎರಡನೆಯ ನುಡಿಗೆ ಉಸಿರು ಸಾಲದೆ ಹಾಡು ಮುರಿಯಿತು. ಮುರಿದ ಎಳೆಯನ್ನು ಹಿಂದಿನಿಂದ ಜೈಬುನ್ನಿಸಾ ಹಿಡಿದಳು. ಅವಳಿಗೆ ಹಾಡಿನ ಮಾತು ಬಾರದು, ರಾಗವಷ್ಟೇ ಬಂತು. ಅವಳ ಹಿಂದೆ ಗೊಣಗಿದ ಮುದುಕಿ ಹಿಡಿದಳು. ಶಂಕ್ರೆಪ್ಪನೂ ಕೆಳದನಿಯಲ್ಲಿ ಸೇರಿಕೊಂಡ. ಬಾಳು ಅವನ ಗೆಳೆಯ, ಒಂದೇ ಬೀಡಿಯನ್ನು ಹಂಚಿ ಸೇದಿದವರು. ಆ ಗಂಡುದನಿ ಕಿವಿಗೆ ಬಿದ್ದಾಗ ಕೆಂಪವ್ವ ತಲೆ ಎತ್ತಿದಳು. ಎದೆಯ ಕಲ್ಲು ಸರಿಯಿತು. ಅವಳು ಬಾಯಿ ತೆರೆದು ಅತ್ತಳು, ಹಾಡ್ಯಾಡಿ ಅತ್ತಳು. ತನ್ನ ಮಗನ ನುಡಿಗಳನ್ನು ತಾನೇ ಕಟ್ಟಿ ಅತ್ತಳು.

ಮಾಯವ್ವನ ಅಂಜಿಕೆ ಅಂದು ಮುಗಿಯಿತೆಂದು ಹೇಳಿದರೆ ಸುಳ್ಳಾದೀತು. ಶಂಕ್ರೆಪ್ಪ ಲಾರಿ ಹತ್ತಿದ ಪ್ರತಿ ಸಲವೂ ಆಕೆ ಅವನು ಮರಳುವ ದಿನವನ್ನು ಬೆರಳಲ್ಲಿ ಎಣಿಸುತ್ತಿದ್ದಳು. ಹರಕೆ ಮುರಿದದ್ದಕ್ಕೆ ದಂಡ ಬಂದೀತೆಂದು ಬಹಳ ಕಾಲ ಕಾದಳು. ಆದರೆ ದೇವರು ತಕ್ಕಡಿ ಹಿಡಿದ ವ್ಯಾಪಾರಿಯಲ್ಲ, ಬಂಧುಗಳೇ. ಅಂಜಿದ ತಾಯಿ ಆಡಿದ ಮಾತನ್ನು ಹಿಡಿದು ಅವನು ಮಕ್ಕಳ ಜೀವ ಕೇಳುವುದಿಲ್ಲ. ಆ ಬಳಿಕ ಸಾವಿನ ಮನೆಯಲ್ಲಿ ಮಾಯವ್ವ ಎಂದೂ ಒಬ್ಬಳೇ ಹಾಡಲಿಲ್ಲ. ಮೊದಲ ನುಡಿ ಎತ್ತಿ, ಎರಡನೆಯದನ್ನು ಪಕ್ಕದವಳ ಕೈಗೆ ಕೊಡುತ್ತಿದ್ದಳು. ಕಲಿಯಲು ಅಂಜಿದವರನ್ನು ಕೈ ಹಿಡಿದು ಕೂಡಿಸುತ್ತಿದ್ದಳು, “ಅಂಜಿಕಿ ನನಗೂ ಐತಿ, ನನ್ನ ಕಡೆ ಸರದು ಕುಂದ್ರು” ಎನ್ನುತ್ತಿದ್ದಳು.

ನಿಮ್ಮ ಓಣಿಯಲ್ಲೂ ಅಂಥ ಸಾವಿನ ಮನೆ ಇದ್ದೀತು. ಏನು ಮಾತಾಡಲಿ ಎಂದು ಅಂಜಿ, ಅಪಶಕುನವೆಂದು ಅಂಜಿ, ನೀವು ಆ ಬಾಗಿಲನ್ನು ದಾಟಿ ಮುಂದೆ ಹೋಗಿರಬಹುದು. ಇಂದು ಹೋಗಿರಿ. ಅಂಜಿಕೆ ಹೋಗಲೆಂದು ಕಾಯಬೇಡಿರಿ, ಅದನ್ನು ಜೊತೆಗೇ ಕರೆದುಕೊಂಡು ಹೋಗಿರಿ; ನಿಮ್ಮ ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಹಾಡು ಬಾರದಿದ್ದರೆ ಚಿಂತೆಯಿಲ್ಲ. ಅಳುವವರ ಪಕ್ಕದಲ್ಲಿ ಕುಳಿತು ಒಂದು ಕೈ ಹಿಡಿಯಿರಿ.